ಕಣ್ಣೀರಿಗಿಂತ ಉಪ್ಪಾಗಬಾರದು

...ಅಥವಾ ಅದು ಬೆಲ್ಲವೇ ಆಗಿರಲಿಲ್ಲವೇನೋ, ಸಕ್ಕರೆಯೇ ಇದ್ದಿರಬಹುದು. ಆದರೂ ಹಿತ್ತಾಳೆ ತಂಬಿಗೆಯ ಬೆಚ್ಚನೆಯ ನೀರಿನಲ್ಲಿ ಬೆಲ್ಲ ಕರಗುವಾಗ ಏಳುವ ಆ ವಾಸನೆ, ಸ್ವಲ್ಪ ಕಬ್ಬು, ಸ್ವಲ್ಪ ಮಣ್ಣು, ಹುಣಸೆಹಣ್ಣಿನಿಂದ ತಿಕ್ಕಿದ ಲೋಹದ ಹುಳಿ, ಇವತ್ತಿಗೂ ಎಲ್ಲಿ ಮೂಗಿಗೆ ಬಡಿದರೂ ದೇವದುರ್ಗದ ನಮ್ಮ ಮಾಳಿಗೆ ಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ನಡುಮನೆಯ ತೊಲೆಗೆ ಕಟ್ಟಿದ ತೊಟ್ಟಿಲು, ಬೆಳಕಿಂಡಿಯಿಂದ ಇಳಿದು ಸೆಗಣಿ ಸಾರಿಸಿದ ನೆಲದ ಮೇಲೆ ನಿಧಾನ ಸರಿಯುವ ಬಿಸಿಲಿನ ಚೌಕ, ಎಲ್ಲ ಇದ್ದಲ್ಲೇ ಇರುತ್ತದೆ. ಇದ್ದಲ್ಲೇ ಇರುತ್ತದೆ ಎಂದೇ ನನಗೆ ಅನುಮಾನ. ನೆನಪು ಇಷ್ಟು ಸಲೀಸಾಗಿ ಬಂದು ಕೂತರೆ, ಯಾರೋ ಆಮೇಲೆ ಅದನ್ನು ಒರೆಸಿ ಜೋಡಿಸಿಟ್ಟಿದ್ದಾರೆ ಅನ್ನಿಸುತ್ತದೆ. ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಮುಂದಿನ ಅರ್ಧ ಹೋಯಿತು, ಹಿಂದಿನ ಅರ್ಧವನ್ನು ನಾವೇ ಮಾರಿದೆವು. ನಿಮ್ಮ ಮನೆಯೂ ಎಲ್ಲೋ ಹೀಗೆ ಅರ್ಧರ್ಧವಾಗಿ ಹೋಗಿರುತ್ತದೆ. ಆದ್ದರಿಂದ ನಾನು ತಪ್ಪಿದಲ್ಲಿ ನೀವು ಹೊಟ್ಟೆಗೆ ಹಾಕಿಕೊಳ್ಳುತ್ತೀರಿ ಎಂದುಕೊಂಡು ಬರೆಯುತ್ತಿದ್ದೇನೆ.

ಆ ಮನೆಯಲ್ಲಿ ಅವ್ವ, ಅಪ್ಪನ ತಾಯಿ, ನಾನು ಮತ್ತು ತೊಟ್ಟಿಲಲ್ಲಿದ್ದ ತಮ್ಮ ಶರಣ ಇದ್ದೆವು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅಪ್ಪನಿಗೆ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಕೆಲಸ. ವಾರಕ್ಕೊಮ್ಮೆ ಅಂಗಿಗೆಲ್ಲ ಅರಳೆ ಅಂಟಿಸಿಕೊಂಡು ಬರುತ್ತಿದ್ದ. ನನಗೂ ಶರಣನಿಗೂ ನಡುವೆ ಒಂದು ಹೆಣ್ಣು ಕೂಸು ಹುಟ್ಟಿ, ಒಂದು ಬೇಸಿಗೆಯಲ್ಲಿ ವಾಂತಿಭೇದಿಯಾಗಿ ಹೋಗಿತ್ತು. ಅದರ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹೊಟ್ಟೆ ಹರಿಯುವ ಕೂಸಿಗೆ ನೀರು ಕೊಟ್ಟರೆ ಇನ್ನೂ ಹರಿಯುತ್ತದೆ ಎಂಬುದು ಆಯಿಯ ಮಾತು, ಆಯಿಯದಷ್ಟೇ ಅಲ್ಲ, ಇಡೀ ಓಣಿಯದು. ಆಯಿಯ ಸ್ವಂತ ಮಕ್ಕಳೂ ಕೆಲವರು ಹೀಗೇ ಹೋಗಿದ್ದರಂತೆ. ಆ ಹೆಣ್ಣು ಕೂಸಿನ ಒಣಗಿದ ತುಟಿಗೆ ಆಯಿ ಒದ್ದೆ ಸೆರಗಿನ ತುದಿ ಮುಟ್ಟಿಸಿದ್ದನ್ನು ನಾನು ನೋಡಿದ್ದೇನೆ. ಅಥವಾ ಅವ್ವ ಹೇಳಿದ್ದನ್ನು ನೋಡಿದೆ ಎಂದುಕೊಂಡಿದ್ದೇನೆ; ಆಗ ನನಗೆ ಅಷ್ಟು ತಿಳಿವಳಿಕೆ ಇರಲಿಕ್ಕಿಲ್ಲ.

ಶರಣ ಹುಟ್ಟಿದ ಮೇಲೆ ಅವ್ವ ಒಂದೇ ಹಟ ಹಿಡಿದಳು: ಈ ಕೂಸು ಬೇಸಿಗೆ ದಾಟಬೇಕು. ಆ ಚಳಿಗಾಲದಲ್ಲಿ ಅವನಿಗೆ ಕೆಮ್ಮು ಹಿಡಿದಾಗ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿ ರಾಯಚೂರಿನ ಮಕ್ಕಳ ಡಾಕ್ಟರಮ್ಮನ ಹತ್ತಿರ ಹೋದಳು. ಡಾಕ್ಟರಮ್ಮನದು ಒಂದು ವಿಚಿತ್ರ ರೂಢಿ. ಕೂಸಿನ ಎದೆಗೆ ಕಿವಿಯ ನಳಿಗೆ ಹಚ್ಚಿ ಕೇಳಿ, ಇವತ್ತಿನ ಕೆಮ್ಮಿಗೆ ಇವತ್ತಿನ ಔಷಧಿ ಕೊಟ್ಟ ಮೇಲೆ, ಮಾತನ್ನು ಮಾತ್ರ ಮುಂದಿನ ಕಾಲದ್ದು ಹೇಳುತ್ತಿದ್ದರು. ಬೇಸಿಗೆಯಲ್ಲಿ ಹೋದವರಿಗೆ ಮಳೆಗಾಲದ ಮಾತು, ಮಳೆಗಾಲದಲ್ಲಿ ಹೋದವರಿಗೆ ಚಳಿಯ ಮಾತು. ಅವ್ವ ಕೂಸನ್ನು ಹೊದಿಸಿಕೊಂಡು ಎದ್ದಾಗ, "ಕುಂದರ್ರಿ, ಇನ್ನೂ ಮುಗದಿಲ್ಲ. ಬ್ಯಾಸಿಗಿ ಮಾತು ಅದ" ಎಂದರು. ಅವ್ವ, "ಬ್ಯಾಸಿಗ್ಯಾಗ ಮತ್ತ ಬರ್ತೀನ್ರಿ" ಎಂದಳು. "ಬಂದ ಬರ್ತೀರಿ. ಆದ್ರ ತಡಾ ಮಾಡಿ ಬರ್ತೀರಿ. ದೇವದುರ್ಗದಿಂದ ಬಸ್ ಹಿಡದು ಬರೋದ್ರಾಗ ಕೂಸಿನ ಮೈಯಾಗಿನ ನೀರು ಮುಗದಿರ್ತದ. ಅದಕ್ಕ ಈಗ ಕಲ್ತು ಹೋಗ್ರಿ."

ಅವರು ಹೇಳಿದ್ದು ಇಷ್ಟು. ಹೊಟ್ಟೆ ಹರಿದರೆ ಎದೆಹಾಲು ನಿಲ್ಲಿಸಬಾರದು, ನೀರೂ ನಿಲ್ಲಿಸಬಾರದು. ಕುದಿಸಿ ಆರಿಸಿದ ನೀರು ಒಂದು ತಂಬಿಗೆ, ಅದಕ್ಕೆ ಒಂದು ಹಿಡಿ ಸಕ್ಕರೆ, ಇಲ್ಲದಿದ್ದರೆ ಬೆಲ್ಲ, ಮೂರು ಬೆರಳಿಗೆ ಬರುವಷ್ಟು ಉಪ್ಪು. ಚಮಚ ಚಮಚ ಕುಡಿಸಬೇಕು. ಕಕ್ಕಿದರೆ ಸ್ವಲ್ಪ ತಡೆದು ಮತ್ತೆ ಕುಡಿಸಬೇಕು. ಕೂಸು ಉಚ್ಚೆ ಹೊಯ್ಯದಿದ್ದರೆ, ಅತ್ತರೂ ಕಣ್ಣಲ್ಲಿ ನೀರು ಬಾರದಿದ್ದರೆ, ಕುಡಿಸುತ್ತಲೇ ಬಸ್ಸು ಹತ್ತಬೇಕು. ಅವ್ವ ಕೇಳಿದಳು: "ನಮ್ಮದು ಹಳ್ಳುಪ್ಪು ರೀ. ಒಂದು ಹಳ್ಳು ಸಣ್ಣದು, ಒಂದು ದೊಡ್ಡದು. ಬೆರಳಿಗೆ ಹೆಂಗ ತಿಳೀತದ?" ಡಾಕ್ಟರಮ್ಮ ಹೇಳಿದರು: "ನಾಲಿಗಿಗೆ ಹಚ್ಚಿ ನೋಡ್ರಿ. ಕಣ್ಣೀರಿಗಿಂತ ಉಪ್ಪಾಗಬಾರ್ದು. ಆತಂದ್ರ ಚೆಲ್ಲಿ ಬ್ಯಾರೇದು ಮಾಡ್ರಿ." ಈ ಮಾತು ಅವರದೇ ಎಂದು ನಾನು ಆಣೆ ಮಾಡಲಾರೆ. ಎಷ್ಟೋ ವರ್ಷಗಳ ಮೇಲೆ ಇದನ್ನೇ ರೇಡಿಯೋದಲ್ಲಿ ಕೇಳಿದಂತಿದೆ. ಅಲ್ಲಿ ಕೇಳಿದ್ದನ್ನು ತಂದು ಆ ಕೋಣೆಯಲ್ಲಿ ಅವರ ಬಾಯಿಗೆ ಇಟ್ಟೆನೋ ಏನೋ. ಆದರೆ ಅವ್ವ ಆ ಚಳಿಗಾಲವೆಲ್ಲ ಮಾಡಿದ್ದನ್ನು ನೋಡಿದರೆ, ಆಕೆಯ ಕಿವಿಗೆ ಇಂಥದೊಂದು ಮಾತು ಬಿದ್ದಿರಲೇಬೇಕು.

ಯಾಕೆಂದರೆ ಆಕೆ ಅಭ್ಯಾಸ ಮಾಡುತ್ತಿದ್ದಳು. ಯಾರಿಗೂ ಏನೂ ಆಗಿರದ ದಿನಗಳಲ್ಲೂ ತಂಬಿಗೆ ಇಟ್ಟುಕೊಂಡು ಕೂತು ಉಪ್ಪು ಹಾಕುವುದು, ಕದಡುವುದು, ನಾಲಿಗೆಗೆ ಹಚ್ಚುವುದು. ಆಯಿ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತ, "ಅಯ್ಯ, ರಾಯಚೂರ ತನ ಹೋಗಿ ಪಾನಕಾ ಮಾಡೋದು ಕಲ್ತು ಬಂದ್ಯೇನ್ಬೇ? ಅದೂ ಕೆರಿ ನೀರಿನಂಗ ಕೆಂಪಗ!" ಎನ್ನುತ್ತಿದ್ದಳು. ಅವ್ವ ಕದಡುತ್ತಲೇ ಇರುತ್ತಿದ್ದಳು. ನನ್ನನ್ನು ಕರೆದು ಒಂದು ಚಮಚ ಕುಡಿಸಿ, "ಹೆಂಗದ ಪಾರಿ? ಕಣ್ಣೀರಿನಂಗ ಅದ ಏನು?" ಎನ್ನುತ್ತಿದ್ದಳು. ಒಮ್ಮೆ ನಾನು, "ಕಣ್ಣೀರು ಹೆಂಗಿರ್ತದೋ ನೆನಪಿಲ್ಲಬೇ" ಎಂದೆ. "ಹಂಗಾದ್ರ ಅಳು, ನೋಡೂಣು" ಎಂದು ತೊಡೆ ಚಿವುಟಿದಳು. ನಾನು ಚೀರಿದ್ದಕ್ಕೆ ಪಕ್ಕದ ಮನೆಯ ಮಾಬೂಬಿ ಖಾಲಾ ಗೋಡೆಯ ಮೇಲಿಂದ ತಲೆ ಹಾಕಿ, "ಕ್ಯಾ ಮಾ ನೀಲವ್ವಾ, ಮಗಳನ್ನ ಹೊಡದು ಉಪ್ಪಿನ ರುಚಿ ನೋಡ್ತೀಯಾ? ನಮ್ಮನ್ಯಾಗ ಉಳ್ಳಾಗಡ್ಡಿ ಅದ, ತಗೋ, ಹೆಚ್ಚು, ಕಣ್ಣೀರು ತಾನ ಬರ್ತದ!" ಎಂದು ನಕ್ಕಳು. ಆಯಿಯೂ ನಕ್ಕಳು. ಅವ್ವ ಮಾತ್ರ ನನ್ನ ಕೆನ್ನೆಯ ಮೇಲಿಂದ ಒಂದು ಹನಿ ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡಳು.

ಬೇಸಿಗೆ ಬಂತು. ಗುಡ್ಡದ ಬಂಡೆಗಳು ಹಗಲೆಲ್ಲ ಕಾದು ಸಂಜೆಗೆ ಊರಿನ ಮೇಲೆ ಉಸಿರು ಬಿಡುವ ಕಾಲ. ಅಪ್ಪ ಮಿಲ್ಲಿನಲ್ಲಿದ್ದ ಒಂದು ದಿನ, ಬೆಳಿಗ್ಗೆಯಿಂದ ಶರಣನಿಗೆ ಹೊಟ್ಟೆ ಹರಿಯತೊಡಗಿತು. ಮುಂದಿನ ಬಸ್ಸು ಸಂಜೆಗೆ. ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣು ಒಳಗೆ ಹೋಗಿದ್ದವು. ಅಳುತ್ತಿದ್ದ, ಆದರೆ ಕಣ್ಣು ಒಣಗಿದ್ದವು. ಆಯಿ ತಂಬಿಗೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಕೂತಿದ್ದಳು. "ನೀರು ಮುಟ್ಟಸಬ್ಯಾಡ. ಹಡದಾಕಿ ನಾ ಹೇಳಾಕತ್ತೀನಿ." ಅವ್ವ ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ದನಿ ಏರಿಸದೆ, "ಹೋದ ಸಲ ನಿಮ್ಮ ಮಾತು ಕೇಳೀನಿ ಅತ್ತಿ. ಈ ಸಲ ಕೇಳಂಗಿಲ್ಲ" ಎಂದಳು. ತಂಬಿಗೆ ಅವ್ವನ ಕೈಗೆ ಬಂತು. ಆಯಿಯ ಕೈ ಸಡಿಲಾಯಿತೋ, ಅವ್ವನೇ ಕಿತ್ತುಕೊಂಡಳೋ, ಎರಡೂ ರೀತಿ ನನಗೆ ಕಾಣುತ್ತದೆ.

ಚಳಿಗಾಲವೆಲ್ಲ ಕಲಿತದ್ದು ಆ ಹೊತ್ತಿಗೆ ಕೈಕೊಟ್ಟಿತು. ಬೆಲ್ಲ ಹಾಕಿ, ಉಪ್ಪು ಹಾಕಿ, ಕದಡಿ ನಾಲಿಗೆಗೆ ಹಚ್ಚಿದ ಅವ್ವನಿಗೆ ರುಚಿಯೇ ಹತ್ತಲಿಲ್ಲ. ಬೆವರು, ಕಣ್ಣೀರು ಎಲ್ಲ ಹರಿದು ಬಾಯೊಳಗೆ ಹೋಗಿತ್ತು. "ನನ್ನ ಬಾಯೆಲ್ಲ ಉಪ್ಪಾಗ್ಯಾದ, ತಿಳಿವಲ್ದು" ಎಂದಳು. ನನ್ನನ್ನು ನೋಡಿದಳು, ನಾನೂ ಅಳುತ್ತಿದ್ದೆ. ಮನೆಯಲ್ಲಿ ಅಳದೆ ಕೂತವಳು ಆಯಿ ಒಬ್ಬಳೇ. ಅವ್ವ ಚಮಚವನ್ನು ಆಕೆಯ ಬಾಯಿಯ ಹತ್ತಿರ ಹಿಡಿದಳು. "ನೀವ ನೋಡ್ರಿ." ಆಯಿ ಬಹಳ ಹೊತ್ತು ಚಮಚವನ್ನೇ ನೋಡಿದಳು. ಆಮೇಲೆ ನಾಲಿಗೆ ಚಾಚಿದಳು. "ಉಪ್ಪು ಜಾಸ್ತಿ ಆಗ್ಯಾದ. ಚೆಲ್ಲು" ಎಂದಳು. ಎರಡನೆಯ ತಂಬಿಗೆಯನ್ನು ನೋಡಿ, "ಹೂಂ, ಇದು ಕಣ್ಣೀರಿಗೆ ಸರಿ ಅದ" ಎಂದಳು. ಚಮಚವನ್ನು ಅವ್ವನ ಕೈಗೆ ತಿರುಗಿ ಕೊಡಲಿಲ್ಲ. ಕೂಸನ್ನು ತೊಡೆಗೆ ಹಾಕಿಕೊಂಡು ತಾನೇ ಕುಡಿಸತೊಡಗಿದಳು. ಅವನು ಕಕ್ಕಿದ, ಒರೆಸಿದಳು, ತಡೆದಳು, ಮತ್ತೆ ಕುಡಿಸಿದಳು. ಬೆಳಕಿಂಡಿಯ ಬಿಸಿಲು ನೆಲ ದಾಟಿ ಗೋಡೆ ಹತ್ತಿತು. ಅವ್ವ ಬಸ್ಸಿಗೆ ಹೊರಡಲು ಬಟ್ಟೆ ಗಂಟು ಕಟ್ಟುತ್ತಿದ್ದಾಗ ಆಯಿ ಚೀರಿದಳು: "ಹೊಯ್ದ! ಲೇ ಪಾರಿ, ಹೊಯ್ದನಲೇ ನಿನ್ನ ತಮ್ಮ! ನೋಡ್ಬಾ ನನ್ನ ಸೀರಿ!" ಇಲ್ಲಿ ಅವನ ಕಣ್ಣಲ್ಲಿ ನೀರೂ ಬಂತು ಎಂದು ಬರೆಯಲು ಕೈ ತುರಿಸುತ್ತದೆ. ಬಂದದ್ದನ್ನು ನಾನು ನೋಡಿಲ್ಲ. ಒದ್ದೆ ಸೀರೆಯಲ್ಲೇ ಆಯಿ ಕುಡಿಸುತ್ತಲೇ ಇದ್ದದ್ದನ್ನು ನೋಡಿದ್ದೇನೆ. ಸಂಜೆಯ ಬಸ್ಸಿಗೆ ಅವ್ವ ರಾಯಚೂರಿಗೆ ಹೋದಳು, ಕೂಸನ್ನು ಉಳಿಸಿಕೊಂಡು ಬಂದಳು.

ಆಮೇಲಿನ ಆಯಿ ಬೇರೆಯೇ. ಡಾಕ್ಟರಮ್ಮನ ಮುಂದಿನ ಕಾಲದ ಮಾತನ್ನು ಅವ್ವ ಕೇಳಿ ಬಂದರೆ, ಅದನ್ನು ಮನೆಮನೆಗೆ ಹೊತ್ತು ತಿರುಗುವವಳು ಆಯಿ. ಮಳೆಗಾಲದಲ್ಲಿ ಮಾನ್ವಿ ಊರಿನಲ್ಲಿದ್ದ ತನ್ನ ಮಗಳ ಮನೆಗೆ ಹೋದರೆ, ಗದ್ದೆಯ ಕಾಲುವೆಗೆ ಬಾಯಿ ಹಚ್ಚುವ ಮೊಮ್ಮಕ್ಕಳನ್ನು ಕೋಲು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು. ಚಳಿಗಾಲದಲ್ಲಿ ಓಣಿಯ ಬಾಣಂತಿಯರ ಕೋಣೆಗೆ ನುಗ್ಗಿ, ಲೋಬಾನದ ಹೊಗೆಯ ಕೆಂಡವನ್ನು ಹೊರಗೆ ಹಾಕಿ, ಕಿಟಕಿ ತೆಗೆದು, "ಕೂಸಿನ ಮೂಗಿನ್ಯಾಗ ಎಣ್ಣಿ ಬಿಟ್ಟೀಯೇನ? ಬಿಟ್ರ ನೋಡು!" ಎಂದು ಹೆದರಿಸುತ್ತಿದ್ದಳು. ಯಾರ ಮನೆಗೆ ಹೋದರೂ ಮೊದಲ ಮಾತು, "ನೀರು ಕುದಿಸೀರೇನ್ಬೇ?" ಮಾಬೂಬಿ ಖಾಲಾ, "ಬಂತು ನೋಡು, ಡಾಕ್ಟರಮ್ಮಗಿಂತ ಕಡಕ್ ಅದ ಈ ಮುದುಕಿ" ಎಂದು ಬೈಯುತ್ತಲೇ ಒಲೆಯ ಮೇಲೆ ಪಾತ್ರೆ ಏರಿಸುತ್ತಿದ್ದಳು. ಓಣಿಯಲ್ಲಿ ಕೂಸಿಗೆ ಹೊಟ್ಟೆ ಕೆಟ್ಟರೆ ತಂಬಿಗೆ ಆಯಿಯ ನಾಲಿಗೆಗೆ ಬರುತ್ತಿತ್ತು. ಆಕೆ ಚಪ್ಪರಿಸಿ ನೋಡಿ ಇರಲಿ ಎನ್ನುತ್ತಿದ್ದಳು, ಇಲ್ಲವೆ ಚೆಲ್ಲು ಎನ್ನುತ್ತಿದ್ದಳು. ಇದಕ್ಕೆಲ್ಲ ಕಾರಣ ಆಕೆಯ ಕೈಯಲ್ಲಿ ಹೋದ ಕೂಸುಗಳೇ ಎಂದು ಒಂದು ಸಾಲು ಬರೆದುಬಿಡುವುದು ಸುಲಭ. ಆಕೆ ಯಾವತ್ತೂ ಹೇಳಲಿಲ್ಲ.

ಒಂದೇ ಒಂದು ನೆನಪು ಉಳಿದಿದೆ. ಮುಂದಿನ ವರ್ಷವೋ ಏನೋ, ಆಯಿಯೂ ನಮ್ಮ ಜೊತೆ ರಾಯಚೂರಿಗೆ ಬಂದಿದ್ದಳು. ನಾನು ಡಾಕ್ಟರಮ್ಮನ ಕೋಣೆಯ ಮೂಲೆಯಲ್ಲಿ ಕೂಸುಗಳನ್ನು ತೂಗುವ ತಕ್ಕಡಿಯ ಮುಳ್ಳನ್ನು ಬೆರಳಲ್ಲಿ ಅಲುಗಾಡಿಸುತ್ತಿದ್ದೆ. ಬೆನ್ನ ಹಿಂದೆ ಒಂದು ಹೆಣ್ಣುದನಿ ಕೇಳಿತು: "ಮೊದಲಿನವಕ್ಕೂ ಹಿಂಗ ನೀರು ಕುಡಿಸಿದ್ರ, ಉಳೀತಿದ್ವೇನ್ರಿ?" ಅದು ಆಯಿಯ ದನಿ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಅವ್ವ ತೀರಿಕೊಳ್ಳುವ ಮೊದಲು ಒಮ್ಮೆ ಕೇಳಿದರೆ, "ನಿಮ್ಮ ಆಯಿ ಡಾಕ್ಟರಮ್ಮನ ಹಂತ್ಯಾಕ ಬಂದ ಇಲ್ಲ. ಕೇಳಿದಾಕಿ ನಾನ" ಎಂದಳು. ಡಾಕ್ಟರಮ್ಮ ಏನಂದರು ಎಂದೆ. ಅವ್ವ ಗೋಡೆಯ ಕಡೆ ಮಗ್ಗಲು ಬದಲಿಸಿದಳು. ಅವ್ವನಿಗೆ ಹೋದದ್ದು ಒಂದೇ ಕೂಸು, ನನ್ನ ಕಿವಿಯಲ್ಲಿ ಉಳಿದದ್ದು ಮಾತ್ರ ‘ಮೊದಲಿನವಕ್ಕೂ’. ಈಗ ಮೂವರೂ ಇಲ್ಲ. ಕೇಳಿದವರು ಯಾರು, ನನಗೆ ಗೊತ್ತಿಲ್ಲ. ಡಾಕ್ಟರಮ್ಮ ಏನು ಹೇಳಿದರು, ಅದೂ ಗೊತ್ತಿಲ್ಲ.