ಗಂಡ ತುಂಬಿಕೊಟ್ಟ ಡಬ್ಬಿ

ಹಾಸ್ಟೆಲಿನ ಅಡುಗೆಮನೆಯಲ್ಲಿ ಎಲ್ಲರೂ ದೊಡ್ಡಕ್ಕ ಎಂದೇ ಕರೆಯುವ ಅಡುಗೆಯವಳು ಟೈಫಾಯ್ಡ್ ಹಿಡಿದು ಮಲಗಿ, ಈಗಷ್ಟೇ ಎದ್ದು ಓಡಾಡುತ್ತಿದ್ದಳು. ಜ್ವರ ಬಿಟ್ಟದ್ದೇ ತಡ, ಬಾಯಿ ಕಹಿ ಮಾಡುವ ಮಾತ್ರೆಗಳನ್ನು ಅರ್ಧಕ್ಕೇ ಬಿಟ್ಟಿದ್ದಳು. ಮಲಪರೀಕ್ಷೆ ಮಾಡಿಸದೆ ಒಲೆಯ ಹತ್ತಿರ ಸುಳಿಯಕೂಡದು ಎಂದು ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಹೇಳಿದಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಸಿಕ್ಕಿಬಿದ್ದರೆ ಕೆಲಸಕ್ಕೇ ಸಂಚಕಾರ ಎಂದುಕೊಂಡು, ಗುಂಡುಕಲ್ಲಿನಂತಿದ್ದ ಗಂಡನ ಮುಂದೆ ಡಬ್ಬಿ ಹಿಡಿದಳು.

"ಥೂ, ಇದನ್ನೂ ದಾನ ಮಾಡ್ಬೇಕೇನೇ?" ಎಂದು ನಗುತ್ತಲೇ ಅವನು ತುಂಬಿಕೊಟ್ಟ.

ಡಾಕ್ಟರಮ್ಮ ಫಲಿತಾಂಶ ನೋಡಿ ಕನ್ನಡಕ ತೆಗೆದರು. "ಕ್ರಿಮಿ ಇನ್ನೂ ಇದೆಯಲ್ಲಮ್ಮ! ಕೆಲವರಿಗೆ ಮೈ ಗಟ್ಟಿಮುಟ್ಟಾಗೇ ಇರುತ್ತೆ, ಕ್ರಿಮಿ ಮಾತ್ರ ಕರುಳಲ್ಲಿ ಉಳ್ಕೊಂಡಿರುತ್ತೆ. ಪಾಯಿಖಾನೆಗೆ ಹೋಗ್ಬಂದು ಸೋಪು ಹಾಕಿ ಕೈ ತೊಳೀದೇ ಅಡುಗೆ ಮಾಡಿದ್ರೆ, ತಿಂದೋರಿಗೂ ಅಂಟುತ್ತೆ."

ದೊಡ್ಡಕ್ಕ ಬಾಗಿಲಿನತ್ತ ತಿರುಗಿದಳು. ಅಡುಗೆಯ ಆತುರದಲ್ಲಿ ಬೆರಳ ತುದಿಯನ್ನು ನೀರಿಗೆ ತೋರಿಸಿ ಬರುವುದು ಅವಳ ಹಳೆಯ ಚಾಳಿ. ಜ್ವರ ಬಿಟ್ಟು ಎದ್ದಾಗಿನಿಂದ ಅವಳ ಕೈಯಡುಗೆ ಉಂಡವನು ಗಂಡನೊಬ್ಬನೇ. ಬಾಗಿಲಾಚೆ ಬೆಂಚಿನ ಮೇಲೆ ಕೂತು ಅವನು ಅವಳಿಗೆಂದೇ ಕಿತ್ತಳೆ ಸುಲಿಯುತ್ತಿದ್ದ, ಒಂದು ನಾರೂ ಬಿಡದಂತೆ.

"ನೀವು ಪರೀಕ್ಷೆ ಮಾಡಿಸಿದ್ದು ಒಳ್ಳೇದಾಯ್ತು," ಎಂದರು ಡಾಕ್ಟರಮ್ಮ. "ಎಷ್ಟೋ ಜನ ನಾಚಿಕೆಪಟ್ಟು ಬರೋದೇ ಇಲ್ಲ."

ದೊಡ್ಡಕ್ಕ ಎರಡೂ ಕೈಗಳನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಳು.

"ಅದು ನಂದಲ್ಲ ಡಾಕ್ಟ್ರೇ, ಅವರದು," ಎಂದಳು. "ನಾನೇ ಬಡಿಸಿದ್ದು."