ಮುಳ್ಳು ಬೀಳುವ ತನಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನಲ್ಲಿ ಹಳೆಯ ಬಿಳಿ ಕಾರಿನೊಳಗೆ ಕುಳಿತ ಮೆಕ್ಯಾನಿಕ್ ಕೀಲಿಯನ್ನು ಅರ್ಧ ತಿರುಗಿಸಿ ಕಿವಿಗೊಡುತ್ತಾರೆ. ಹಿಂದಿನ ಸೀಟಿನ ಅಡಿಯಲ್ಲಿ ಪೆಟ್ರೋಲ್ ಪಂಪು ಗುಂಯ್ ಎಂದು ಸುಮ್ಮನಾಗುತ್ತದೆ. ಪೂರ್ತಿ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್. ಅವರಿಗೆ ಖುಷಿಯಿಲ್ಲ. ಈ ಕಾರು ತಣ್ಣಗಿದ್ದಾಗ ಸಾಧುಪ್ರಾಣಿ. ಬಿಸಿಯಾದ ಮೇಲೆ ನಡುರಸ್ತೆಯಲ್ಲಿ ಮಲಗುತ್ತದೆ. ಸ್ಕ್ಯಾನರ್ ಹಾಕಿದರೆ ಎಲ್ಲ ಸರಿಯಿದೆ ಎನ್ನುತ್ತದೆ.

ಬೀದಿಯವರು ಇವರಿಗಿಟ್ಟ ಹೆಸರು 'ಸೈಲೆನ್ಸರ್'. ಕೇಳಿದ್ದಕ್ಕೆ ಉತ್ತರ, ಅದೂ ಅರ್ಧ. ಬರುವ ಗಾಡಿಗಳಲ್ಲಿ ಮುಕ್ಕಾಲು ಪಾಲಿನ ರೋಗ ಸಣ್ಣದು: ಸಡಿಲಾದ ಬ್ಯಾಟರಿ ವೈರು, ಇಂಜಿನ್ನಿಗೆ ಗಾಳಿ ಬಿಡುವ, ಮಸಿ ಹಿಡಿದ ಥ್ರಾಟಲ್. ಅವನ್ನು ಒಬ್ಬರೇ ಮುಗಿಸುತ್ತಾರೆ. ಓಡುತ್ತಲೇ ನಿಲ್ಲುವ ಗಾಡಿ ಮಾತ್ರ ಒಬ್ಬರ ಕೈಗೆ ಸಿಗುವುದಿಲ್ಲ.

ಬಾನೆಟ್ಟಿನಿಂದ ಪೈಪೊಂದನ್ನು ಹೊರಗೆ ತಂದು, ಪೆಟ್ರೋಲಿನ ಒತ್ತಡ ತೋರಿಸುವ ಮೀಟರನ್ನು ಮುಂದಿನ ಗಾಜಿಗೆ ಹೊರಗಿನಿಂದ ಟೇಪು ಹಾಕಿ ಅಂಟಿಸುತ್ತಾರೆ. ಇಂಜಿನ್ ನಿಲ್ಲುವ ಮೊದಲು ಮುಳ್ಳು ಬಿದ್ದರೆ ತಪ್ಪು ಪೆಟ್ರೋಲಿನ ದಾರಿಯಲ್ಲಿದೆ. ಮುಳ್ಳು ಅಲ್ಲಾಡದೆ ಇಂಜಿನ್ ನಿಂತರೆ ಕಿಡಿ ಹಾರಿಸುವ ಕರೆಂಟಿನ ಕಡೆ ಹುಡುಕಬೇಕು. ಆದರೆ ಇಂಜಿನ್ ಸತ್ತ ಕ್ಷಣವೇ ಸ್ಟಿಯರಿಂಗ್ ಕಲ್ಲಾಗುತ್ತದೆ, ಕಣ್ಣು ರಸ್ತೆಗೆ ಹೋಗುತ್ತದೆ. ಮುಳ್ಳು ನೋಡಲು ಇನ್ನೊಬ್ಬರು ಬೇಕು.

ಆ ಇನ್ನೊಬ್ಬರು ಅವರ ಹೆಂಡತಿ. ಮಗಳ ಹೆರಿಗೆಗೆಂದು ಮೂರು ತಿಂಗಳಿಗೆ ಅವಳ ಊರಿಗೆ ಹೋದವರು. ಮೊಮ್ಮಗ ಈಗ ಶಾಲೆಗೆ ಹೋಗುತ್ತಿದ್ದಾನೆ. ಮಗಳು ಅಳಿಯ ಇಬ್ಬರದೂ ಪಾಳಿ ಕೆಲಸ, ಬಿಟ್ಟು ಬರುವಂತಿಲ್ಲ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಯಾವುದೋ ಕಾರಿನ ಸೀಟೇ ಸೋಫಾ. ಅದು ಒಂದು ಬದಿಗೆ ಮಾತ್ರ ಕುಸಿದಿದೆ.

ದಿನವೂ ಫೋನಿದೆ. ಊಟ ಆಯ್ತಾ, ಆಯ್ತು. ಆಮೇಲೆ ಯಾರು ಮೊದಲು ಇಡಬೇಕೆಂದು ಇಬ್ಬರೂ ಕಾಯುತ್ತಾರೆ. ಇಂಥ ಗಾಡಿ ಬಂದಾಗ ಮಾತ್ರ ಪಕ್ಕದ ಸೀಟಿನೆದುರು ವಿಡಿಯೊ ಕಾಲಿನಲ್ಲಿ ಫೋನು ನಿಲ್ಲುತ್ತದೆ, ಅದರ ಕಣ್ಣು ಮೀಟರಿನ ಮೇಲೆ. ಆ ಕಡೆ ಹೆಂಡತಿ ಹುರುಳಿಕಾಯಿ ಬಿಡಿಸುತ್ತ ಮುಳ್ಳು ನೋಡುತ್ತಾರೆ.

ಬಿಳಿ ಕಾರಿನ ಒಡತಿ ಆಸ್ಪತ್ರೆಯ ನರ್ಸ್. ಈ ವಾರ ಸರಿಯಾಗದಿದ್ದರೆ ಗುಜರಿಗೆ ಎಂದು ಹೇಳಿಹೋಗಿದ್ದಾರೆ. ಮುಳ್ಳು ನೋಡಲು ಹೆಂಡತಿಗೆ ಫೋನು ಮಾಡುವ ಸಂಗತಿ ತಿಳಿದು, ಹೋಗುವಾಗ ಒಂದು ಮಾತು ಕೇಳಿದ್ದರು: "ಅಲ್ಲಾ ಮೇಸ್ತ್ರಿ, ಫೋನಲ್ಲಿ ವಿಡಿಯೊ ಹಿಡ್ಕೊಂಡು ಆಮೇಲೆ ನೋಡ್ಬಹುದಲ್ವಾ?"

"ನೋಡ್ಬಹುದು" ಎಂದ ಮೇಸ್ತ್ರಿ ಬಾನೆಟ್ಟಿನೊಳಗೆ ತಲೆ ತೂರಿಸಿದ್ದರು.

ಗೋದಾಮುಗಳ ಹಿಂದಿನ ರಸ್ತೆ ಈ ಹೊತ್ತಿಗೆ ಖಾಲಿ. ಕಾರು ಓಡುತ್ತಿದೆ, ನಿಲ್ಲುತ್ತಿಲ್ಲ.

"ರೀ, ಇದು ಇವತ್ತಾದ್ರೂ ನಿಲ್ಲುತ್ತೋ, ಇಲ್ಲಾ ನಾನು ಹೀಗೇ ಕೂತಿರ್ಬೇಕೋ?"

"ನಿಂಗೇನು ರೈಲು ಹಿಡೀಬೇಕಾ? ಕೂತ್ಕೋ."

ಹೆಂಡತಿ ನಗುತ್ತಾರೆ. ಕೂತ ಮೇಲೆ ಮಾತು ತಾನಾಗಿ ಬರುತ್ತದೆ. ಮೊಮ್ಮಗ ಎಡಗಾಲಿನ ಶೂ ಬಲಗಾಲಿಗೇ ಹಾಕುತ್ತೇನೆಂದು ಹಟ ಹಿಡಿಯುವುದು, ಮೇಲಿನ ಮನೆಯವರ ನಲ್ಲಿ ಇವರ ಗೋಡೆಗೆ ಸೋರುವುದು. ಸೈಲೆನ್ಸರ್ ಕೂಡ ಬೀದಿಯಲ್ಲಿ ಯಾರೂ ಕೇಳದಷ್ಟು ಮಾತಾಡುತ್ತಾರೆ. ಕೊನೆಗೆ ಹೆಂಡತಿ, ಮಗಳಿಗೆ ಹೇಳಿಲ್ಲ ಎಂದು ದನಿ ತಗ್ಗಿಸಿ, ಮಂಡಿ ನೋವಿನ ವಿಷಯ ತೆಗೆಯುತ್ತಾರೆ. "ಮೆಟ್ಲು ಇಳಿಯೋವಾಗ ಒಂದೊಂದ್ಸಲ..."

ಮಾತು ತುಂಡಾಗುತ್ತದೆ.

"ಬಿತ್ತು. ಮುಳ್ಳು ಬಿತ್ತು ರೀ."

ಆಮೇಲೆ ಇಂಜಿನ್ ಕೆಮ್ಮಿ ನಿಲ್ಲುತ್ತದೆ. ಕಲ್ಲಾದ ಸ್ಟಿಯರಿಂಗನ್ನು ಎರಡೂ ಕೈಯಿಂದ ಎಳೆದು ಕಾರನ್ನು ಬದಿಗೆ ತರುತ್ತಾರೆ. ಪಂಪಿಗೆ ಕರೆಂಟು ಕೊಡುವ ರಿಲೇಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಪಂಪು ಮತ್ತೆ ಗುಂಯ್ ಎನ್ನುತ್ತದೆ. ಒಳಗಿನ ಬೆಸುಗೆ ಕೂದಲೆಳೆಯಷ್ಟು ಬಿರಿದು, ಬಿಸಿಯಾದಾಗ ಬಾಯಿ ಬಿಡುತ್ತಿದೆ. ಕಾರು ಗುಜರಿಯಿಂದ ಉಳಿಯಿತು.

"ಸಿಕ್ತಾ?"

"ಸಿಕ್ತು."

"ಹಾಗಾದ್ರೆ ಇಡ್ಲಾ?"

"ಮಂಡಿ ವಿಷ್ಯ ನೀನು ಅರ್ಧಕ್ಕೇ ನಿಲ್ಸಿದೆ."

"ಅದಾ... ಇರ್ಲಿ ಬಿಡಿ. ಪಾತ್ರೆ ಹಾಗೇ ಬಿದ್ದಿವೆ."

ಫೋನು ಕಪ್ಪಾಗುತ್ತದೆ. ಅವರು ಟೇಪು ಕಿತ್ತು, ಮೀಟರನ್ನು ಬಟ್ಟೆಯಲ್ಲಿ ಒರೆಸಿ ಸುತ್ತಿಡುತ್ತಾರೆ.

ಹೊಸ ರಿಲೇ ಹಾಕಿಸಿಕೊಂಡು ನರ್ಸ್ ಮಧ್ಯಾಹ್ನ ಕಾರು ಒಯ್ದಿದ್ದಾರೆ. ಸರದಿಯಲ್ಲಿರುವ ಹಸಿರು ಕಾರಿಗೆ ಬ್ಯಾಟರಿಯದೇ ತೊಂದರೆ, ಒಬ್ಬರೇ ಮಾಡಬಹುದಾದ ಕೆಲಸ. ದೊಡ್ಡ ಶೆಡ್ಡು, ಹೊಸ ಸ್ಕ್ಯಾನರ್, ಏನಾದರೂ ಆಸೆಯಿದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಸ್ಪ್ಯಾನರ್ ಕೆಳಗಿಟ್ಟ ಮೇಲೆ ಉತ್ತರ ಬರುತ್ತದೆ.

"ವಾರಕ್ಕೊಂದು ಓಡ್ತಾ ನಿಲ್ಲೋ ಗಾಡಿ ಬಂದ್ರೆ ಸಾಕು. ಬೇಗ ನಿಲ್ಬಾರ್ದು, ಅಷ್ಟೇ."