ಬ್ಯಾಡಾ ಅನ್ನುವ ಬಾವಿ

ನಾಗಯ್ಯನ ಬಾವಿಯಲ್ಲಿ ಕಪ್ಪೆಗಳು ಕೂಗುವುದು ಯಾವತ್ತು ನಿಂತಿತೋ ಯಾರಿಗೂ ಗೊತ್ತಿಲ್ಲ. ಒಂದು ಬೆಳಗ್ಗೆ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕೂತವನಿಗೆ ಏನೋ ಕಡಿಮೆಯಾಗಿದೆ ಅನ್ನಿಸಿ, ಬಗ್ಗಿ ನೋಡಿದ. ಮಗಳು ಹುಟ್ಟಿದ ವರ್ಷ ಬಿಟ್ಟಿದ್ದ ಮೀನಿನ ಸಂತತಿಯೂ ಕಾಣಲಿಲ್ಲ. ನೀರು ಮಾತ್ರ ತಿಳಿಯಾಗಿ, ಅಲ್ಲಾಡದೆ, ಅವನ ಮುಖವನ್ನೇ ಅವನಿಗೆ ತೋರಿಸುತ್ತ ಇತ್ತು.

ಅದು ಬರೀ ಬಾವಿಯಲ್ಲ, ಆ ಮನೆಯವರ ಮಾನ. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದು ಮೈಲಿ ಒಳಗೆ ನಡೆದರೆ ಸಿಗುವ ಆ ಹಳ್ಳಿಯಲ್ಲಿ, ನಾಗಯ್ಯನ ತಾತ ಮಲ್ಲಯ್ಯ ಊರಬಾವಿಯಿಂದ ಇಪ್ಪತ್ತು ಹೆಜ್ಜೆ ದೂರ ನಿಂತು, ಕೊಡ ಕೆಳಗಿಟ್ಟು, "ಅಪ್ಪಣೆಯಾಗ್ಲಿ ಬುದ್ಧೀ" ಎಂದು ಕಾಯಬೇಕಿತ್ತು. ಮನಸ್ಸು ಬಂದವರು ಮೇಲಿಂದ ಸುರಿಯುತ್ತಿದ್ದರು. ಬಾರದವರು "ಮುಟ್ಬ್ಯಾಡ, ಇಂದಕ್ಕೋಗು" ಎನ್ನುತ್ತಿದ್ದರು. ದರಖಾಸ್ತಿನಲ್ಲಿ ಒಂದೂವರೆ ಎಕರೆ ಸರ್ಕಾರಿ ಜಮೀನು ಮಂಜೂರಾದಾಗ ಮಲ್ಲಯ್ಯ ಮನೆ ಕಟ್ಟಲಿಲ್ಲ, ಮೊದಲು ಬಾವಿ ತೋಡಿದ. ಎರಡು ಬೇಸಿಗೆ ಹಿಡಿಯಿತು. ಏಳು ವರ್ಷದ ನಾಗಯ್ಯ ಮಂಕರಿಯಲ್ಲಿ ಮಣ್ಣು ಹೊತ್ತ. ಮೂವತ್ತಡಿಯಲ್ಲಿ, ಪೂರ್ವದ ಗೋಡೆಯ ಬಂಡೆಯಲ್ಲಿ ಒಂದು ಕಂಡಿ ಸಿಕ್ಕಿತು. ಕೈಯಿಟ್ಟರೆ ತಣ್ಣನೆ ಗಾಳಿ. "ಇದು ಎಲ್ಗೋಯ್ತದೋ ಏನೋ" ಎಂದ ತಾತ ಒಂದು ಕಲ್ಲು ಮುಚ್ಚಿ ಮುಂದಕ್ಕೆ ಅಗೆದ.

ನೀರು ಕಂಡ ದಿನ ಅವನು ಬಾವಿಯೊಳಕ್ಕೆ ಬಗ್ಗಿ ಗಂಟಲು ಹರಿಯುವಂತೆ ಕೂಗಿದ: "ಅಪ್ಪಣೆ ಬ್ಯಾಡಾ!" ಬಾವಿ ಕೊನೆಯ ಮಾತಷ್ಟನ್ನೇ ಹಿಂದಕ್ಕೆ ಕೊಟ್ಟಿತು: "ಬ್ಯಾಡಾ." ಅಂದಿನಿಂದ ಆ ಮನೆಯಲ್ಲಿ ಬೆಳಗಿನ ಮೊದಲ ಕೊಡವನ್ನು ಹಾಗೆ ಕೂಗಿಯೇ ಸೇದುವುದು. ಕೇರಿಯವರು ಯಾವ ಹೊತ್ತಿಗೆ ಬಂದು ಸೇದಿದರೂ ಯಾರನ್ನೂ ಕೇಳಬೇಕಾಗಿಲ್ಲ.

ಆ ಒಂದು ಕೂಗಿನ ಮೇಲೆಯೇ ನಾಗಯ್ಯ ತನ್ನ ಬದುಕನ್ನೆಲ್ಲ ಕಟ್ಟಿಕೊಂಡ. ತಾಂಡ್ಯದ ಕಾರ್ಖಾನೆಗಳಲ್ಲಿ ಇಪ್ಪತ್ತೆಂಟು ವರ್ಷ ಲೋಡಿಂಗ್ ಕೆಲಸ ಮಾಡಿದರೂ ಒಬ್ಬರನ್ನೂ ಬುದ್ಧಿ ಎನ್ನಲಿಲ್ಲ. ಸರ್ಕಾರ, ಊರು, ಸಂಘ ಎಲ್ಲ ಒಂದೇ ತೊಟ್ಟಿಲಲ್ಲಿ ಬೆಳೆದ ಅಣ್ಣತಮ್ಮಂದಿರು, ಇವರ ಕೈಗೆ ಬೆರಳು ಕೊಟ್ಟರೆ ತೋಳೇ ಹೋಯಿತು ಎನ್ನುವುದು ಅವನ ವಾದ. ಖಾತೆ ಬದಲಾಯಿಸಲು ಕೈಚಾಚಿದ ಗುಮಾಸ್ತನಿಗೆ ಕಚೇರಿಯ ಬಾಗಿಲಲ್ಲೇ ಮಂಗಳಾರತಿ ಎತ್ತಿದವನು. ಮಗಳು ಕವನ ಬೇರೆ ಜಾತಿಯ ನಂಜೇಶನನ್ನು ಮದುವೆಯಾಗುತ್ತೇನೆ ಎಂದಾಗ ಎರಡೂ ಕಡೆಯ ಯಜಮಾನರು ಪಂಚಾಯ್ತಿ ಕೂರಿಸಿದರು. ನಾಗಯ್ಯ ಟವೆಲ್ಲು ಕೊಡವಿ ಎದ್ದ. "ಮದ್ವೆ ಆಗೋರು ಅವ್ರು. ನಿಮ್ಮಪ್ಪಣೆ ಯಾರ‍್ರೀ ಕೇಳಿದ್ರು?" ಅವತ್ತು ಅವನಂಥ ಅಪ್ಪ ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ, ಇದನ್ನು ಅವನ ಶತ್ರುಗಳೂ ಒಪ್ಪುತ್ತಾರೆ.

ಎರಡು ವರ್ಷದ ಹಿಂದೆ ಪಕ್ಕದ ಜಮೀನಿನ ಶಂಭುಲಿಂಗಪ್ಪ ಒಂದು ಶೆಡ್ಡು ಹಾಕಿದರು. ಎಲ್ಲಿಂದಲೋ ಲಾರಿಯಲ್ಲಿ ಬರುವ ಹಳೆಯ ಬ್ಯಾರಲ್ಲುಗಳನ್ನು ತೊಳೆದು ಮಾರುವ ವ್ಯಾಪಾರ. ವಾಸನೆ ಬರುತ್ತದೆ, ಮುಚ್ಚಿಸಿ ಎಂದು ಗ್ರಾಮಸಭೆಯಲ್ಲಿ ಗಲಾಟೆಯಾಯಿತು. ಅವರ ಪರವಾಗಿ ಎದ್ದವನು ನಾಗಯ್ಯ ಒಬ್ಬನೇ. "ಅವ್ರ ಜಮೀನು, ಅವ್ರಿಷ್ಟ. ಇವತ್ತು ಅವ್ರ ಶೆಡ್ ಮುಚ್ಸೋರು ನಾಳೆ ನನ್ ಬಾವಿ ಮುಚ್ಸಲ್ಲ ಅಂತ ಏನ್ರೀ ಗ್ಯಾರಂಟಿ?" ಊರಬಾವಿಯ ಹಳೆಯ ಕತೆ ಗೊತ್ತಿದ್ದವರು ತಲೆ ತಗ್ಗಿಸಿದರು. ಮಾತು ಅಲ್ಲಿಗೇ ಬಿದ್ದುಹೋಯಿತು. ಆ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಹೊಟ್ಟೆ ಉರಿಸುವ ಸಂಗತಿ.

ಈಗ ಕವನ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ನಂಜನಗೂಡಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಹುಡುಗಿ. ಮೂರನೆಯ ದಿನವೇ ತಟ್ಟೆ ಮುಂದಿಟ್ಟುಕೊಂಡು ಕೇಳಿದಳು:

"ಅಪ್ಪಾ, ಅನ್ನ ಯಾಕೆ ಅಳ್ದಿಯಾಗದೆ? ನೀರ್ನ ಟೆಸ್ಟ್ ಮಾಡ್ಸಾನ."

"ಮಾಡ್ಸುದ್ರೆ ಕುಡೀಬ್ಯಾಡಿ ಅಂತ ಕೆಂಪು ಬಣ್ಣ ಬಳ್ದು ಓಯ್ತರೆ ಅಷ್ಟೆ. ನಮ್ ಬಾವಿಗೆ ಅವ್ರ ಸರ್ಟಿಫಿಕೇಟಾ?"

"ಸರಿ. ನಾ ಕ್ಯಾನ್ ನೀರು ತರುಸ್ಕತೀನಿ. ಅದುಕ್ಕೂ ನಿನ್ನಪ್ಪಣೆ ಬೇಕಾ?"

ಬೇಕು ಎಂದರೆ ತಾತನ ಬಾಯಿಗೆ ಮಣ್ಣು, ಬೇಡ ಎಂದರೆ ಬಾವಿಗೆ. ನಾಗಯ್ಯ ಕೈತೊಳೆದು ಎದ್ದುಹೋದ. ಹೆಂಡತಿ ಗೋವಿಂದಮ್ಮ ಹಳದಿ ಅನ್ನವನ್ನು ಸದ್ದಿಲ್ಲದೆ ಹಸುವಿನ ಮುಂದಿಟ್ಟಳು. ಹಸು ಮೂಸಿ ಮುಖ ತಿರುಗಿಸಿತು.

ಮಾರನೆಯ ದಿನ ನಡುಮಧ್ಯಾಹ್ನ ಅವನು ಬಾವಿಗೆ ಬಂದ. ಗಾಳಿಯಿಲ್ಲ, ಹಕ್ಕಿಯಿಲ್ಲ. ಧೈರ್ಯಕ್ಕೆಂದು ಬಗ್ಗಿ ಕೂಗಿದ: "ಅಪ್ಪಣೆ ಬ್ಯಾಡಾ!"

"ಬ್ಯಾಡಾ" ಎಂದಿತು ಬಾವಿ. ಆಮೇಲೆ, ಯಾರೂ ಏನೂ ಕೂಗದಿದ್ದರೂ, ಒಳಗಿನಿಂದ ಇನ್ನೊಂದು ದನಿ ಬಂತು.

"ಸುರೀಲಾ."

ನಾಗಯ್ಯ ಕಣ್ಣು ಕಿರಿದುಮಾಡಿ ತಳ ನೋಡಿದ. ನೀರು ಅಲ್ಲಾಡಲಿಲ್ಲ. ತಳದಲ್ಲಿ ಯಾರೋ ಕೆಮ್ಮಿದರು. ಢಣ್ ಎಂದಿತು, ಮತ್ತೆ ಢಣ್ ಎಂದಿತು. "ಸುರಿ ಸುರಿ, ಇನ್ನೂ ಐದವೆ" ಎಂದಿತು ದನಿ. ಮೇಲಿಂದ ಸುರಿಯಲಿ ಎಂದು ಜೀವಮಾನವಿಡೀ ಕಾದ ತಾತನೇ ಕೆಳಗೆ ನಿಂತಿದ್ದಾನೆ ಅನ್ನಿಸಿತು. ಕಟ್ಟೆ ಹಿಡಿದು ಇನ್ನಷ್ಟು ಬಗ್ಗಿದ. ಪೂರ್ವದ ಗೋಡೆಯಲ್ಲಿ ತಾತ ಮುಚ್ಚಿದ್ದ ಕಲ್ಲು ಉರುಳಿಹೋಗಿತ್ತು. ಕಂಡಿ ಬಾಯಿ ತೆರೆದುಕೊಂಡಿತ್ತು, ದನಿ ಬರುತ್ತಿದ್ದುದು ಅದರೊಳಗಿನಿಂದ, ಅದರ ಕೆಳಗೆ ಬಂಡೆಯ ಮೇಲೆ ಒಂದು ಹಳದಿ ಗೆರೆ ನೀರಿನವರೆಗೂ ಇಳಿದಿತ್ತು. ಪೂರ್ವಕ್ಕಿರುವುದು ಶೆಡ್ಡು, ಶೆಡ್ಡಿನ ಹಿಂದೆ ಶಂಭುಲಿಂಗಪ್ಪನವರ ಪಾಳುಬಾವಿ. ಬೇಲಿ ನೆಲದ ಮೇಲಷ್ಟೇ ಇತ್ತು.

ಅವರ ಗೇಟಿನಲ್ಲಿ ನಿಂತು ಎಲ್ಲವನ್ನೂ ಹೇಳಿದ. ಶಂಭುಲಿಂಗಪ್ಪ ಕೆಟ್ಟವರೇನಲ್ಲ, ಕೂರಲು ಕುರ್ಚಿಯನ್ನೂ ತರಿಸಿದರು.

"ಬ್ಯಾರಲ್ ತೊಳ್ದ ನೀರ್ನ ನನ್ ಪಾಳುಬಾವಿಗೆ ನಾನು ಸುರೀತೀನಿ ಕಣೋ ನಾಗಯ್ಯ. ಗ್ರಾಮಸಭೇಲಿ ನೀನೇ ತಾನೆ ಅಂದದ್ದು, ಅವ್ರ ಜಮೀನು, ಅವ್ರಿಷ್ಟ ಅಂತ?"

"ಅಂದೆ ಶಂಭುಲಿಂಗಪ್ನೋರೇ. ಮಗ್ಳು ಬಸ್ರಿ ಅವಳೆ. ಕೇರಿಯೋರೆಲ್ಲ ಅದೇ ನೀರು ಕುಡೀತರೆ."

"ನಿನ್ ಬಾವಿ ನೀನು ನೋಡ್ಕೊ" ಎಂದರು ಅವರು, ಬಹಳ ಸಮಾಧಾನವಾಗಿ.

ತನ್ನದೇ ಮಾತು ಬೇರೆಯವರ ಬಾಯಿಂದ ಬಂದರೆ ಇಷ್ಟು ತಣ್ಣಗಿರುತ್ತದೆಂದು ನಾಗಯ್ಯನಿಗೆ ಗೊತ್ತಿರಲಿಲ್ಲ. ಮನೆಗೆ ಬಂದವನು ಗೋಡೆಯ ಕಡೆ ನೋಡುತ್ತ ಕೂತ. ಅಲ್ಲಿ ಬುದ್ಧನ ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ. ಸರ್ಕಾರಕ್ಕೆ ಅರ್ಜಿ ಕೊಡೋಣ ಎಂದಳು ಮಗಳು.

"ಅರ್ಜಿ ಬರಿ ಅಂತೀಯಾ? ನಾನು? ಅವ್ರ ಮುಂದೆ ಕೈ ಕಟ್ಕಂಡು?"

"ಆ ಫೋಟೋದೋರು ಬರ್ದದ್ದೂ ಕಾನೂನೇ ಅಲ್ವೇನಪ್ಪಾ?" ಎಂದಳು ಕವನ. "ನಿನ್ ತಾತಂಗೆ ಜಮೀನು ಬಂದದ್ದು ಅರ್ಜೀಲೇ. ಕೈ ಕಟ್ಬೇಡ, ಸೈನ್ ಆಕು."

ಹಾಕಿದ. ಸರ್ಕಾರದವರು ಬಂದು ಬಾಟಲಿಯಲ್ಲಿ ನೀರು ತೆಗೆದುಕೊಂಡು ಹೋದರು. ಹದಿನೆಂಟು ದಿನಕ್ಕೆ ಇಬ್ಬರು ಬಂದು, ಕಟ್ಟೆಯ ಸುತ್ತ ಕೆಂಪು ಬಳಿದು, "ಕುಡಿಯಲು ಯೋಗ್ಯವಲ್ಲ" ಎಂದು ಬರೆದರು. ಮುಚ್ಚಲು ಜಾಲರಿ ಮುಂದಿನ ವಾರ ಬರುತ್ತದಂತೆ. ಶೆಡ್ಡಿಗೊಂದು ನೋಟೀಸು ಅಂಟಿಸಿದರು. ನೋಟೀಸು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು, ಬಾವಿಯೊಳಗಿನ ಢಣ್ ಸದ್ದು ನಿಂತಿರಲಿಲ್ಲ. ಸರ್ಕಾರದ ವಿಷಯದಲ್ಲಿ ನಾಗಯ್ಯ ಪೂರ್ತಿ ತಪ್ಪೇನೂ ಆಗಿರಲಿಲ್ಲ.

ಜಾಲರಿ ಬರುವವರೆಗೆ ಯಾರೂ ಸೇದದಂತೆ ಕಾಯಲು ಅವನೇ ಕಟ್ಟೆಯ ಪಕ್ಕ ಕೂತ. ಸಂಜೆ ನಾಲ್ಕರ ಹೊತ್ತಿಗೆ ಅವ್ವನ ಓರಗೆಯ ಕೆಂಪಾಜಮ್ಮ ಕೊಡ ಹಿಡಿದು ಬಂದಳು. ಎಂಬತ್ತರ ಹತ್ತಿರದವಳು, ಕಣ್ಣಿಗೆ ಪೊರೆ, ಕೆಂಪು ಬಣ್ಣವೂ ಕಾಣದು, ಅಕ್ಷರವೂ ಕಾಣದು. ಕಟ್ಟೆಯ ಆಚೆ ಬದಿಯಿಂದ ಒಳಗೆ ಬಗ್ಗಿ ಆ ಹಳದಿ ಗೆರೆಯನ್ನು ನೋಡುತ್ತಿದ್ದ ನಾಗಯ್ಯ ತಲೆಯೆತ್ತುವಷ್ಟರಲ್ಲಿ ಅವಳ ಕೈ ಹಗ್ಗದ ಮೇಲಿತ್ತು.

"ದೊಡ್ಡವ್ವಾ, ಮುಟ್ಬ್ಯಾಡಾ!"

"ಬ್ಯಾಡಾ" ಎಂದಿತು ಬಾವಿ, ಐವತ್ತು ವರ್ಷದಿಂದ ಹೇಳುತ್ತಿದ್ದ ಅದೇ ದನಿಯಲ್ಲಿ.

ಕೆಂಪಾಜಮ್ಮ ಹಗ್ಗ ಬಿಟ್ಟಳು. ಯಾಕೆ ಎಂದು ಕೇಳಲಿಲ್ಲ. "ಅಂಗಲ್ಲ ದೊಡ್ಡವ್ವಾ, ನೀರು ಕೆಟ್ಟೋಗದೆ" ಎಂದು ನಾಗಯ್ಯ ಬಡಬಡಿಸುತ್ತಿದ್ದ, ಅದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವಳ ಕಾಲುಗಳು ತಾವಾಗಿಯೇ ಹಿಂದಕ್ಕೆ ಹೆಜ್ಜೆ ಹಾಕಿದವು. ಇಪ್ಪತ್ತು ಹೆಜ್ಜೆಗೆ ನಿಂತು, ಕೊಡವನ್ನು ನೆಲಕ್ಕಿಟ್ಟು, ತಲೆ ತಗ್ಗಿಸಿ, ಯಾರಾದರೂ ಬಂದು ಸುರಿಯಲಿ ಎಂದು ಕಾಯತೊಡಗಿದಳು.